ಎರಡು ಲೀಟರಿನ ಟಿಲ್ಟಿಂಗ್ ಗ್ರೈಂಡರ್: ಆರು ಮಂದಿಯ ಅಡುಗೆಮನೆಯಲ್ಲಿ ಎರಡು ವರ್ಷ

ರಾತ್ರಿಯ ಊಟವಾಗಿ ಪಾತ್ರೆ ತೊಳೆದು ಮುಗಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಅತ್ತೆಯವರು ದಿನವೂ ಕೇಳುವ ಪ್ರಶ್ನೆಯೊಂದಿದೆ: “ನಾಳೆಗೆ ಎಂತ ನೆನೆಹಾಕಿದ್ದಿ?” ಉಡುಪಿಯ ಕಡೆಯ ಮನೆಗಳಲ್ಲಿ ಮರುದಿನದ ಅಡುಗೆ ನಿಂತಿರುವುದು ಈ ಪ್ರಶ್ನೆಯ ಉತ್ತರದ ಮೇಲೆಯೇ. ಇಡ್ಲಿ, ಉದ್ದಿನ ದೋಸೆ, ನೀರು ದೋಸೆ, ಪುಂಡಿ (ಹಬೆಯಲ್ಲಿ ಬೇಯಿಸುವ ಅಕ್ಕಿಯ ಉಂಡೆ), ಒತ್ತುಶ್ಯಾವಿಗೆ ಯಾವುದಾದರೂ ಸರಿ, ಹಿಂದಿನ ದಿನವೇ ಅಕ್ಕಿಯೋ ಉದ್ದೋ ನೀರಿಗೆ ಬಿದ್ದಿರಬೇಕು. ಮಧ್ಯಾಹ್ನದ ಕೊದ್ದೆಲ್ ಎಂಬ ಹುಳಿಗೋ ಮೀನಿನ ಗಸಿಗೋ ತೆಂಗಿನಕಾಯಿ ಹೆರೆದು, ಮಸಾಲೆ ಹುರಿದು, ನುಣ್ಣಗೆ ಕಡೆಯಬೇಕು, ಅಂದರೆ ಅರೆಯಬೇಕು. ಹಾಗಾಗಿ ಇಲ್ಲಿನ ಅಡುಗೆಮನೆಗೆ ಗ್ರೈಂಡರ್ ತರುವವರು ಅದು ಇಡೀ ವಾರದ ಕೆಲಸದಲ್ಲಿ ಯಾವುದಕ್ಕೆ ಒದಗುತ್ತದೆ, ಯಾವುದಕ್ಕೆ ಒದಗುವುದಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕೆಂದು ನನ್ನ ಅಭಿಪ್ರಾಯ. ಎರಡು ವರ್ಷ ಬಳಸಿದ ಅನುಭವದಿಂದ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು ಸೇರಿ ಮನೆಯಲ್ಲಿ ಆರು ಮಂದಿ. ಹಿಂದಿನ ಜಗಲಿಯಲ್ಲಿ ಕಡೆಯುವ ಕಲ್ಲು ಈಗಲೂ ಇದೆ. ಮೂವತ್ತು ವರ್ಷ ಅದರ ಮುಂದೆ ಕುಳಿತ ಅತ್ತೆಯವರಿಗೆ ಈಗ ಮೊಣಕಾಲು ಮಡಚಲು ಆಗುವುದಿಲ್ಲ, ನನಗೆ ಬೆಳಗ್ಗೆ ಅಷ್ಟು ಹೊತ್ತು ಸಿಗುವುದಿಲ್ಲ. ನಡುವೆ ಕೆಲವು ವರ್ಷ ಎಲ್ಲವನ್ನೂ 750 ವಾಟ್‌ನ ಮಿಕ್ಸಿಯಲ್ಲೇ ಮಾಡಿದೆವು. ಆಮೇಲೆ ತಂದದ್ದು ಕಟ್ಟೆಯ ಮೇಲೆ ಇಡಬಹುದಾದ, ಡ್ರಮ್ಮನ್ನು ಬಗ್ಗಿಸಿ ಹಿಟ್ಟು ಸುರಿಯಬಹುದಾದ 2 ಲೀಟರಿನ ಟಿಲ್ಟಿಂಗ್ ಗ್ರೈಂಡರ್. ಕೊಯಮತ್ತೂರಿನಲ್ಲಿ ತಯಾರಾದದ್ದು, ನಮ್ಮ ಮಟ್ಟುಗುಳ್ಳ ಬದನೆಗೆ ಇರುವಂತೆ ಆ ಊರಿನ ವೆಟ್ ಗ್ರೈಂಡರಿಗೂ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಸ್ಟೀಲಿನ ಡ್ರಮ್, ಅದರ ತಳಕ್ಕೆ ಕೂರಿಸಿದ ಗ್ರಾನೈಟ್ ಕಲ್ಲು, ಅದರ ಮೇಲೆ ಉರುಳುವ ಎರಡು ಗುಂಡುಕಲ್ಲು, ಅಂಚಿಗೆ ಹತ್ತಿದ ಹಿಟ್ಟನ್ನು ಕೆರೆದು ಒಳಗೆ ತಳ್ಳುವ ಪಟ್ಟಿ, ಕೆಳಗೆ ಬೆಲ್ಟಿನ ಮೂಲಕ ಡ್ರಮ್ ತಿರುಗಿಸುವ 150 ವಾಟ್‌ನ ಮೋಟರು. ಹೊಸತರಲ್ಲಿ ಒಂದೊಂದು ಹಿಡಿ ಅಕ್ಕಿಯನ್ನು ಎರಡು ಮೂರು ಸಲ ಅರೆದು ಚೆಲ್ಲಬೇಕು. ಹಿಟ್ಟನ್ನು ಬೆರಳ ನಡುವೆ ಉಜ್ಜಿದಾಗ ಕಲ್ಲಿನ ಹುಡಿ ಒಂದಿಷ್ಟೂ ತಾಗದಿದ್ದ ಮೇಲೆಯೇ ನಾವು ತಿನ್ನುವುದಕ್ಕೆ ಬಳಸಲು ತೊಡಗಿದ್ದು.

ಉದ್ದಿನ ವಿಷಯದಲ್ಲಿ ನನಗೆ ಯಾವ ಅನುಮಾನವೂ ಉಳಿದಿಲ್ಲ. ಮಿಕ್ಸಿಯ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಬೇಳೆಯನ್ನು ಕತ್ತರಿಸುತ್ತದೆ, ಆ ವೇಗಕ್ಕೆ ಹಿಟ್ಟು ಬಿಸಿಯಾಗುತ್ತದೆ. ತಣ್ಣೀರು ಹಾಕಿದರೂ ಎರಡನೆಯ ಜಾರಿನ ಹೊತ್ತಿಗೆ ಬೆಚ್ಚಗಾಗಿರುತ್ತದೆ. ಗ್ರೈಂಡರಿನಲ್ಲಿ ಕಲ್ಲುಗಳು ನಿಧಾನವಾಗಿ ಉರುಳಿ ಬೇಳೆಯನ್ನು ಜಜ್ಜುತ್ತ, ಹಿಟ್ಟನ್ನು ಮತ್ತೆ ಮತ್ತೆ ಮಗುಚುತ್ತ ಗಾಳಿಯನ್ನು ಸೇರಿಸುತ್ತವೆ. ಉದ್ದಿನ ಪ್ರೋಟೀನು ಮತ್ತು ಅದರ ಲೋಳೆಯಂಥ ಅಂಟು ಈ ಗಾಳಿಯನ್ನೂ, ಹಿಟ್ಟು ಹುಳಿಯಾಗುವಾಗ ಬ್ಯಾಕ್ಟೀರಿಯಾಗಳು ಬಿಡುವ ಇಂಗಾಲದ ಡೈಆಕ್ಸೈಡನ್ನೂ ಹಿಡಿದಿಡುವುದರಿಂದಲೇ ಇಡ್ಲಿ ಉಬ್ಬುವುದು. ನಾಲ್ಕು ಗಂಟೆ ನೆನೆದ ಉದ್ದನ್ನು ಅರ್ಧ ಗಂಟೆ ಅರೆಯುತ್ತೇನೆ; ನೀರನ್ನು ಒಮ್ಮೆಗೇ ಸುರಿಯದೆ ಐದು ನಿಮಿಷಕ್ಕೊಮ್ಮೆ ಕೈಯಲ್ಲಿ ಚಿಮುಕಿಸುತ್ತೇನೆ. ಚಿಟಿಕೆ ಹಿಟ್ಟು ಲೋಟದ ನೀರಿನಲ್ಲಿ ತೇಲಿದರೆ ಸಾಕು. ಮಿಕ್ಸಿಯಲ್ಲಿ ಅರೆಯುತ್ತಿದ್ದಾಗ ಒಂದು ಕುಡ್ತೆ (ಅಳತೆಯ ಲೋಟ) ಉದ್ದಿಗೆ ಎರಡು ಕುಡ್ತೆ ಅಕ್ಕಿ ತರಿ ಹಾಕುತ್ತಿದ್ದೆ. ಈಗ ಎರಡೂವರೆ ಹಾಕಿದರೂ ಇಡ್ಲಿ ಅಷ್ಟೇ ಮೆತ್ತಗಿರುತ್ತದೆ. ವಾರಕ್ಕೆ ಎರಡು ಸಲ ಇಡ್ಲಿ ಮಾಡುವ ಮನೆಗೆ ಇದು ಉದ್ದಿನ ಬೇಳೆಯಲ್ಲಿ ಕಣ್ಣಿಗೆ ಕಾಣುವ ಉಳಿತಾಯ.

ನೀರು ದೋಸೆಗೆ ಬೆಳ್ತಿಗೆ (ಕುಚ್ಚದ ಬಿಳಿ) ಅಕ್ಕಿಯನ್ನು ಅರೆಯುವಾಗ ಮಾತ್ರ ಕ್ರಮ ಬೇರೆ. ನೆನೆದ ಅಕ್ಕಿಯನ್ನು ಒಟ್ಟಿಗೆ ಸುರಿದು ಗುಂಡಿ ಒತ್ತಿದರೆ ಅಕ್ಕಿ ತಳದಲ್ಲಿ ಕುಳಿತು ಕಲ್ಲುಗಳು ಸಿಕ್ಕಿಹಾಕಿಕೊಳ್ಳುತ್ತವೆ. ಮೊದಲು ಅರ್ಧ ಲೋಟ ನೀರು ಹಾಕಿ, ಡ್ರಮ್ ತಿರುಗುತ್ತಿರುವಂತೆಯೇ ಅಕ್ಕಿಯನ್ನು ಒಂದೊಂದೇ ಹಿಡಿ ಸೇರಿಸಬೇಕು, ಅಕ್ಕಿ ಮುಕ್ಕಾಲು ನುಣ್ಣಗಾದ ಮೇಲೆ ಕಾಯಿತುರಿ. ಮೊದಲ ತಿಂಗಳು ಇದನ್ನು ತಿಳಿಯದೆ ನಾನು ಮೂರು ಸಲ ಯಂತ್ರ ನಿಲ್ಲಿಸಿ ಕೈ ಹಾಕಿ ಕಲ್ಲು ಬಿಡಿಸಬೇಕಾಯಿತು. ಜೊತೆಗೆ ಬಂದ ಪುಸ್ತಕದಲ್ಲಿ ಈ ಮಾತು ಒಂದು ಸಾಲಿನಲ್ಲಾದರೂ ಇರಬೇಕಿತ್ತು.

ಮಸಾಲೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಊರಿನ ಅಡುಗೆಗೆ ಮುಖ್ಯವಾದದ್ದು ಇದೇ. “ಅಕ್ಕ, ಇದರಲ್ಲಿ ಮಸಾಲೆಯೂ ಆಗ್ತದೆ” ಎಂದು ಅಂಗಡಿಯವರು ಹೇಳಿದ್ದರು. ಆಗುತ್ತದೆ, ಆದರೆ ಪ್ರಮಾಣ ಇರಬೇಕು. ಅರ್ಧ ತೆಂಗಿನಕಾಯಿ, ಏಳೆಂಟು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ ಹಾಕಿದರೆ ಅಷ್ಟೂ ತಳದಲ್ಲಿ ತೆಳ್ಳಗೆ ಹರಡಿ, ಅರ್ಧ ಅಂಚಿಗೆ ಹತ್ತಿಕೊಂಡು, ಕಲ್ಲುಗಳು ಸುಮ್ಮನೆ ಸುತ್ತುತ್ತವೆ; ಪಟ್ಟಿ ಕೆರೆದರೂ ಕಲ್ಲಿನ ಅಡಿಗೆ ಮಸಾಲೆ ಸಿಗುವುದಿಲ್ಲ. ನನ್ನ ಲೆಕ್ಕದಲ್ಲಿ ಕನಿಷ್ಠ ಒಂದು ಇಡೀ ದೊಡ್ಡ ತೆಂಗಿನಕಾಯಿಯಷ್ಟು ಇದ್ದರೆ ಮಾತ್ರ ಈ ಗ್ರೈಂಡರ್ ಮಸಾಲೆಯನ್ನು ಹಿಡಿಯುತ್ತದೆ. ಆರು ಮಂದಿಯ ಒಂದು ಹೊತ್ತಿನ ಕೊದ್ದೆಲಿಗೆ ಅಷ್ಟು ಬೇಡ. ಎರಡು ದಿನಕ್ಕೆಂದು ಕಾಯಿ ಸೇರಿಸಿ ಕಡೆದಿಟ್ಟರೆ ಫ್ರಿಜ್ಜಿನಲ್ಲಿಟ್ಟರೂ ಮರುದಿನಕ್ಕೆ ಕಾಯಿಯ ಪರಿಮಳ ಇಳಿದಿರುತ್ತದೆ, ಅತ್ತೆಯವರು ಮೊದಲ ತುತ್ತಿಗೇ ಗುರುತಿಸುತ್ತಾರೆ.

ಹಲವು ವಾರ ಬೇರೆ ಬೇರೆ ರೀತಿ ಮಾಡಿ ನೋಡಿ ಕೊನೆಗೆ ಕಂಡುಕೊಂಡ ದಾರಿ ಹೀಗಿದೆ. ಮಸಾಲೆಯಲ್ಲಿ ಮಿಕ್ಸಿಗೆ ನಿಜವಾಗಿ ಬಗ್ಗದಿರುವುದು ಬ್ಯಾಡಗಿ ಮೆಣಸಿನ ಸಿಪ್ಪೆ. ಕಾಯಿಯನ್ನು ಮಿಕ್ಸಿ ಸಾಕಷ್ಟು ಚೆನ್ನಾಗಿಯೇ ಅರೆಯುತ್ತದೆ. ಆದ್ದರಿಂದ ಭಾನುವಾರ ಐವತ್ತು ಅರುವತ್ತು ಬ್ಯಾಡಗಿ ಮೆಣಸು, ಅದಕ್ಕೆ ಬೇಕಾದ ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತೆ ಹುರಿದು, ಬಿಸಿನೀರಿನಲ್ಲಿ ನೆನೆಸಿ, ಹುಣಸೆಹುಳಿ ಮತ್ತು ಉಪ್ಪಿನೊಂದಿಗೆ ಗ್ರೈಂಡರಿನಲ್ಲಿ ಇಪ್ಪತ್ತೈದು ನಿಮಿಷ ಕಡೆಯುತ್ತೇನೆ. ಸಿಪ್ಪೆಯ ಚೂರು ಒಂದೂ ಉಳಿಯದೆ ಕುಂಕುಮದಂಥ ಮುದ್ದೆ ಸಿಗುತ್ತದೆ. ಅದನ್ನು ಗಾಜಿನ ಭರಣಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟು, ಪ್ರತಿದಿನ ಬೇಕಾದಷ್ಟು ಮಾತ್ರ ತೆಗೆದು, ಆಗಲೇ ಹೆರೆದ ಕಾಯಿಯೊಂದಿಗೆ ಮಿಕ್ಸಿಯಲ್ಲಿ ಎರಡು ನಿಮಿಷ ತಿರುಗಿಸಿದರೆ ಬೆಳಗ್ಗಿನ ಅರ್ಧ ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಸೋಮವಾರ ಸೌತೆಕಾಯಿ ಕೊದ್ದೆಲ್, ಮಂಗಳವಾರ ಅಲಸಂಡೆ ಗಸಿ, ಬುಧವಾರ ಬಂಗುಡೆ ಪುಳಿಮುಂಚಿ ಎಂದು ಮೊದಲೇ ಯೋಚಿಸಿಟ್ಟುಕೊಳ್ಳುವ ಧೈರ್ಯ ಬಂದದ್ದು ಈ ಭರಣಿಯಿಂದ. ಪುಳಿಮುಂಚಿಗೆ ಕಾಯಿಯೂ ಬೇಡ. ಮುದ್ದೆಯನ್ನೇ ಶುಂಠಿಯೊಂದಿಗೆ ಕುದಿಸಿ ಮೀನು ಬಿಟ್ಟರಾಯಿತು. ಮೇಲಾರ, ತಂಬುಳಿ, ಚಟ್ನಿಗಳಿಗೆ ಗ್ರೈಂಡರಿನ ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಬೆಳ್ಳುಳ್ಳಿಯನ್ನು ಮಾತ್ರ ಇದಕ್ಕೆ ಎಂದೂ ಹಾಕಬಾರದು. ಸ್ಟೀಲಿನ ವಾಸನೆ ತೊಳೆದರೆ ಹೋಗುತ್ತದೆ, ಕಲ್ಲಿನ ವಾಸನೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಒಮ್ಮೆ ಕೋಳಿ ಸುಕ್ಕದ ಮಸಾಲೆಯನ್ನು ಇದರಲ್ಲಿ ಕಡೆದು, ಮರುದಿನದ ಇಡ್ಲಿಯನ್ನು ಮಕ್ಕಳು ಮುಟ್ಟಲಿಲ್ಲ. ಅಕ್ಕಿ ಅರೆದು ಚೆಲ್ಲಿ, ಎರಡು ದಿನ ಬಿಸಿಲಿಗಿಟ್ಟ ಮೇಲೆ ಸರಿಯಾಯಿತು.

ಈ ಯಂತ್ರದ ನಿಜವಾದ ದೌರ್ಬಲ್ಯ ಗೊತ್ತಾದದ್ದು ಕುಚ್ಚಲಕ್ಕಿಯಲ್ಲಿ. ಪುಂಡಿಗೂ ಶ್ಯಾವಿಗೆಗೂ ರೊಟ್ಟಿಗೂ ಕುಚ್ಚಲಕ್ಕಿಯನ್ನು ಗಟ್ಟಿಯಾಗಿ ಅರೆಯಬೇಕು. ನೀರು ಹೆಚ್ಚಾದರೆ ಬಾಣಲೆಯಲ್ಲಿ ಹಿಟ್ಟು ಕಾಸುವ ಹೊತ್ತು ಇಮ್ಮಡಿಯಾಗುತ್ತದೆ. ಎಂಟು ಗಂಟೆ ನೆನೆದರೂ ಈ ಅಕ್ಕಿ ಅರೆಯುತ್ತ ಹೋದಂತೆ ಅಂಟಾಗಿ ಕಲ್ಲುಗಳನ್ನು ಹಿಡಿದುಕೊಳ್ಳುತ್ತದೆ, ಡ್ರಮ್ ನಿಧಾನವಾಗುತ್ತದೆ, ಕೆಳಗೆ ಬೆಲ್ಟು ಜಾರುತ್ತದೆ. ಹನ್ನೊಂದನೆಯ ತಿಂಗಳಲ್ಲಿ ರಬ್ಬರ್ ಸುಟ್ಟ ವಾಸನೆ ಬಂದು ಬೆಲ್ಟ್ ತುಂಡಾಯಿತು. ವಾರಂಟಿ ಇದ್ದರೂ ಕಂಪನಿಯ ಸರ್ವಿಸ್‌ನವರು ಬಂದು ಬದಲಿಸಲು ಹನ್ನೆರಡು ದಿನ ತೆಗೆದುಕೊಂಡರು, ಅದೂ ನಾಲ್ಕು ಸಲ ಫೋನು ಮಾಡಿದ ಮೇಲೆ. ಬದಲಿಸುವ ಕೆಲಸ ಇಪ್ಪತ್ತು ನಿಮಿಷದ್ದು. ಇಷ್ಟು ಸಣ್ಣ ಕೆಲಸಕ್ಕೆ ಒಂದು ಮನೆಯ ಬೆಳಗ್ಗಿನ ತಿಂಡಿಯನ್ನು ಹನ್ನೆರಡು ದಿನ ಕಾಯಿಸುವುದು ಸರಿಯಲ್ಲವೆಂದು ಅವರಿಗೆ ನೇರವಾಗಿ ಹೇಳಿದ್ದೇನೆ. ಆ ದಿನಗಳಲ್ಲಿ ಸಜ್ಜಿಗೆ ಅವಲಕ್ಕಿ, ಬನ್ಸ್, ಗಂಜಿಯಲ್ಲಿ ಸುಧಾರಿಸಿದೆವು. ಈಗ ಪುಂಡಿಗೆ ಒಂದೇ ಸಲ ಅರೆಯದೆ ಅಕ್ಕಿಯನ್ನು ಎರಡು ಪಾಲು ಮಾಡುತ್ತೇನೆ, ನಡುವೆ ಹತ್ತು ನಿಮಿಷ ಮೋಟರಿಗೆ ವಿಶ್ರಾಂತಿ ಕೊಡುತ್ತೇನೆ. ಅದರ ನಂತರ ತೊಂದರೆ ಬಂದಿಲ್ಲ. ವಾರಕ್ಕೆ ಮೂರು ಸಲ ಪುಂಡಿಯೋ ರೊಟ್ಟಿಯೋ ಬೇಕೆನ್ನುವ ಮನೆಯವರು ಇದಕ್ಕಿಂತ ಹೆಚ್ಚು ಶಕ್ತಿಯ ಮೋಟರು ಇರುವುದನ್ನೇ ನೋಡುವುದು ಒಳ್ಳೆಯದು.

ತೊಳೆಯುವ ಕೆಲಸವನ್ನು ಯಾರೂ ಸಣ್ಣದೆಂದು ತಿಳಿಯಬಾರದು. ಟಿಲ್ಟಿಂಗ್ ಆದ್ದರಿಂದ ಭಾರದ ಡ್ರಮ್ಮನ್ನು ಎತ್ತದೆ ಹಿಟ್ಟು ಸುರಿಯಬಹುದು, ಸೊಂಟಕ್ಕೆ ಅದು ದೊಡ್ಡ ಉಪಕಾರವೇ. ಆದರೆ ಗುಂಡುಕಲ್ಲುಗಳನ್ನು ಬಿಚ್ಚಿ, ಅಚ್ಚಿನ ಸುತ್ತ ಸೇರಿದ ಹಿಟ್ಟನ್ನು ಬ್ರಷ್ಷಿನಿಂದ ತೆಗೆದು, ಒರೆಸಿ ಒಣಗಿಸಲು ಹತ್ತು ನಿಮಿಷ ಬೇಕೇ ಬೇಕು. ಮಳೆಗಾಲದಲ್ಲಿ ಒದ್ದೆ ಬಿಟ್ಟರೆ ಎರಡೇ ದಿನದಲ್ಲಿ ಮುಗ್ಗಲು ವಾಸನೆ. ಅದಕ್ಕಾಗಿ ಕಡೆಯುವ ಕೆಲಸಗಳನ್ನೆಲ್ಲ ಒಂದೇ ಸರತಿಗೆ ಸೇರಿಸುತ್ತೇನೆ: ಮೊದಲು ಉದ್ದು, ಆಮೇಲೆ ಅಕ್ಕಿ, ಕೊನೆಗೆ ಮೆಣಸಿನ ಮುದ್ದೆ. ಅಕ್ಕಿಯಾದ ಮೇಲೆ ಡ್ರಮ್ಮಿಗೆ ಎರಡು ಲೋಟ ನೀರು ಹಾಕಿ ಒಂದು ನಿಮಿಷ ತಿರುಗಿಸಿ ಆ ನೀರನ್ನೇ ನೀರು ದೋಸೆಯ ಹಿಟ್ಟಿಗೆ ಸೇರಿಸಿದರೆ, ಮಸಾಲೆಯ ನೀರನ್ನು ಅಂದಿನ ಸಾರಿಗೆ ಬಿಟ್ಟರೆ, ಏನೂ ಚರಂಡಿಗೆ ಹೋಗುವುದಿಲ್ಲ, ತೊಳೆಯುವುದೂ ಒಂದೇ ಸಲ.

ಜೊತೆಗೆ ಬಂದ ಚಪಾತಿ ಹಿಟ್ಟು ಕಲಸುವ ಸಾಧನ ಪರವಾಗಿಲ್ಲ. ತೆಂಗಿನಕಾಯಿ ಹೆರೆಯುವ ಸಾಧನದಿಂದ ಪ್ರಯೋಜನವಿಲ್ಲ; ಚಿಪ್ಪಿನ ಕಪ್ಪು ಸಿಪ್ಪೆಯೂ ತುರಿಯೊಂದಿಗೆ ಬರುತ್ತದೆ. ವಿದ್ಯುತ್ತಿನ ಖರ್ಚು ತೀರ ಕಡಿಮೆ: 150 ವಾಟ್‌ನ ಮೋಟರು ಮೂವತ್ತೈದು ನಿಮಿಷ ತಿರುಗಿದರೂ ಒಂದು ಯೂನಿಟ್‌ನ ಹತ್ತನೆಯ ಒಂದು ಪಾಲು ಆಗುವುದಿಲ್ಲ.

ಈ ಎರಡು ವರ್ಷಗಳಲ್ಲಿ ವಾರದ ಯೋಚನೆಯೇ ಬದಲಾಗಿದೆ. ಆದಿಉಡುಪಿಯ ಸಂತೆಯಿಂದ ಬಂದ ತರಕಾರಿಯನ್ನು ಬೇಗ ಬಾಡುವುದು, ತಡೆಯುವುದು ಎಂದು ಬೇರೆ ಮಾಡಿ, ಬಸಳೆ, ಹರಿವೆಗಳನ್ನು ಮೊದಲೆರಡು ದಿನಕ್ಕೂ ಸೌತೆಕಾಯಿ, ಚೀನಿಕಾಯಿ, ಸುವರ್ಣಗಡ್ಡೆಗಳನ್ನು ಆಮೇಲಿನ ದಿನಗಳಿಗೂ ಇಡುತ್ತೇವೆ. ಇಡ್ಲಿಯ ಹಿಟ್ಟಿನಲ್ಲಿ ಉಳಿದದ್ದು ಮರುದಿನ ದೋಸೆ, ಮೂರನೆಯ ದಿನ ಈರುಳ್ಳಿ ಹಾಕಿ ಪಡ್ಡು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಮಾರುಕಟ್ಟೆಗೆ ತಾಜಾ ಮೀನು ಬರುವುದು ಕಡಿಮೆ, ಬಂದರೂ ದುಬಾರಿ. ಆಗ ಹೆಸರು, ಕಡಲೆ, ಅಲಸಂಡೆಯ ಗಸಿಗಳೇ ಆಧಾರವಾಗುವುದರಿಂದ ಮಸಾಲೆಯ ಭರಣಿ ವಾರಕ್ಕೆ ಎರಡು ಸಲ ತುಂಬುತ್ತದೆ. ಹಿಟ್ಟಿನ ಸಮಯವನ್ನೂ ಋತು ನೋಡಿ ಹೊಂದಿಸಬೇಕು: ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೆ ಅರೆದರೂ ಬೆಳಗ್ಗೆ ಐದಕ್ಕೆ ಹುಳಿ ಬಂದಿರುತ್ತದೆ, ಆಟಿಯ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಮಳೆಯಲ್ಲಿ ಸಂಜೆ ಐದಕ್ಕೇ ಅರೆದಿಡದಿದ್ದರೆ ಇಡ್ಲಿ ಏಳುವುದಿಲ್ಲ. ಮಳೆಗಾಲದ ಸಂಜೆ ಕರೆಂಟು ಹೋಗುವುದು ಸಾಮಾನ್ಯವಾದ್ದರಿಂದ ಆ ದಿನಗಳಲ್ಲಿ ನಾನು ಮಧ್ಯಾಹ್ನದ ಊಟವಾದ ಕೂಡಲೇ ಅರೆದು, ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು ಸಂಜೆ ಹೊರಗೆ ತೆಗೆದಿಡುತ್ತೇನೆ.

ನಾಲ್ಕು ಮಂದಿಗಿಂತ ಹೆಚ್ಚಿರುವ, ವಾರಕ್ಕೆ ಮೂರು ನಾಲ್ಕು ದಿನ ಅರೆದ ತಿಂಡಿ ಮಾಡುವ ಮನೆಗೆ ಇದನ್ನು ಮನಸ್ಸಿಟ್ಟು ಶಿಫಾರಸು ಮಾಡುತ್ತೇನೆ. ಇಬ್ಬರೇ ಇರುವ ಮನೆಗೆ 2 ಲೀಟರ್ ದೊಡ್ಡದಾಯಿತು. ಮಸಾಲೆಗಂತೂ ಅದು ಒದಗುವುದೇ ಇಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಕಲ್ಲುಗಳನ್ನು ಬಿಚ್ಚಿ ಮತ್ತೆ ಕೂರಿಸಿ ನೋಡಿ, ಡ್ರಮ್ ಬಗ್ಗಿಸಿದಾಗ ಬೀಗ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ, ಬೆಲ್ಟೂ ಕೆರೆಯುವ ಪಟ್ಟಿಯೂ ಊರಿನಲ್ಲೇ ಸಿಗುತ್ತವೆಯೇ ಎಂದು ಕೇಳಿ. ನಮ್ಮಲ್ಲಿ ಈಗ ಅದೇ ಅಳತೆಯ ಹೆಚ್ಚಿನ ಬೆಲ್ಟೊಂದು ಮೆಣಸಿನ ಡಬ್ಬದ ಪಕ್ಕದಲ್ಲಿದೆ. ಈ ಆಟಿಯಲ್ಲಿ ಪತ್ರೊಡೆಗೆ ಮೂವತ್ತು ಕೆಸುವಿನ ಎಲೆಗಳಿಗಾಗುವಷ್ಟು ಅಕ್ಕಿ, ಮಸಾಲೆಯನ್ನು ಒಂದೇ ಸರತಿಗೆ ಗಟ್ಟಿಯಾಗಿ ಕಡೆದೆವು. ಅತ್ತೆಯವರು ಹಿಟ್ಟನ್ನು ಬೆರಳಲ್ಲಿ ತೆಗೆದು ನೋಡಿ, ಇನ್ನೂ ಎರಡು ಸುತ್ತು ತಿರುಗಲಿ ಎಂದು ಹೇಳಿ, ಎಲೆಯ ನಾರು ತೆಗೆಯಲು ಕುಳಿತರು.