ಬಿಎಲ್‌ಡಿಸಿ ಫ್ಯಾನ್: ತಗೊಳ್ಳುವ ಮೊದಲು ಕರೆಂಟ್ ಬಿಲ್ ತೆಗೆದು ನೋಡಿ

ಈಗ ಯಾವ ಅಂಗಡಿಗೆ ಹೋಗಿ ಫ್ಯಾನ್ ಕೇಳಿದರೂ ಮೊದಲು ತೋರಿಸುವುದು ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರ್ ಇರುವ, ಕರೆಂಟ್ ಕಡಿಮೆ ಎಳೆಯುವ ಫ್ಯಾನ್. ಆಟಂಬರ್ಗ್ ಮಾತ್ರ ಅಲ್ಲ, ಕ್ರಾಂಪ್ಟನ್, ಹ್ಯಾವೆಲ್ಸ್, ಓರಿಯಂಟ್, ಉಷಾ ಎಲ್ಲರ ಹತ್ತಿರವೂ ಇದೆ. ನಮ್ಮ ದಾವಣಗೆರೆ ಮನೆಯಲ್ಲಿ ಹಾಲ್‌ಗೊಂದು, ಮಲಗುವ ಕೋಣೆಗೊಂದು ಹಾಕಿಸಿದ್ದೇವೆ, ಇಲ್ಲಿನ ಬೇಸಿಗೆಯನ್ನೂ ಕಂಡಿವೆ. ಫ್ಯಾನ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ "ಒಂದೇ ವರ್ಷಕ್ಕೆ ದುಡ್ಡು ವಾಪಸ್" ಅನ್ನುವುದನ್ನು ನಂಬಬೇಡಿ. ಕೆಲವರ ಮನೆಯಲ್ಲಿ ಅದು ಐದು ವರ್ಷವಾದರೂ ವಾಪಸ್ ಬರುವುದಿಲ್ಲ.

ಅಂಗಡಿಯವರ ಲೆಕ್ಕ ಹೀಗಿರುತ್ತದೆ. ಮಾಮೂಲಿ ಫ್ಯಾನ್ 75 ವ್ಯಾಟ್, ಇದು ಬರೀ 30. ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಮಾಮೂಲಿ ಫ್ಯಾನ್‌ಗೂ ಇದಕ್ಕೂ ಬೆಲೆಯಲ್ಲಿ ವ್ಯತ್ಯಾಸ 1500 ರೂಪಾಯಿ ಅಷ್ಟೇ, ವರ್ಷದಲ್ಲಿ ಬಂದುಬಿಡುತ್ತದೆ ಸಾರ್. ಕೇಳೋಕೆ ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಇದರಲ್ಲಿ ಎರಡು ಬೇರೆ ಬೇರೆ ಲೆಕ್ಕಗಳನ್ನು ಕಲಸಿಬಿಟ್ಟಿದ್ದಾರೆ.

75 ವ್ಯಾಟ್ ಅನ್ನುವುದು ನಿಮ್ಮ ಮನೆಯಲ್ಲಿ ಈಗಾಗಲೇ ತಿರುಗುತ್ತಿರುವ ಹಳೆ ಫ್ಯಾನ್. ಅದು ಚೆನ್ನಾಗಿ ಓಡುತ್ತಿರುವಾಗಲೇ ಇಳಿಸಿ ಹೊಸದು ಹಾಕಿದರೆ ನಿಮ್ಮ ಖರ್ಚು 1500 ಅಲ್ಲ, ಪೂರ್ತಿ 3000. ಹಳೆಯದು ಸುಟ್ಟುಹೋಗಿ ಹೇಗೂ ಹೊಸದು ತರಲೇಬೇಕು ಅಂದರೆ ಮಾತ್ರ ವ್ಯತ್ಯಾಸದ 1500 ಲೆಕ್ಕಕ್ಕೆ ಬರುತ್ತದೆ. ಆದರೆ ಆಗ 75 ವ್ಯಾಟ್ ಲೆಕ್ಕ ನಡೆಯುವುದಿಲ್ಲ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ, ಹಾಗಾಗಿ ಇವತ್ತು ಸಿಗುವ ಒಂದು ಸ್ಟಾರ್‌ನ ಮಾಮೂಲಿ ಫ್ಯಾನ್ ಕೂಡ 50 ವ್ಯಾಟ್ ಆಸುಪಾಸಿನಲ್ಲೇ ಇರುತ್ತದೆ. ಆಗ ಉಳಿಯುವುದು 20 ವ್ಯಾಟ್, ತಿಂಗಳಿಗೆ ಏಳು ಯೂನಿಟ್.

2025ರ ಏಪ್ರಿಲ್‌ನಲ್ಲಿ ಮನೆ ಕರೆಂಟ್ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಆಯಿತು. ಸರ್ಚಾರ್ಜು, ಇಂಧನ ಹೊಂದಾಣಿಕೆ, 9% ತೆರಿಗೆ ಎಲ್ಲ ಸೇರಿ 7 ರೂಪಾಯಿ ಅಂತಿಟ್ಟುಕೊಳ್ಳಿ. ಎರಡೂ ಲೆಕ್ಕವನ್ನು ನೀವೇ ಹಾಕಿ ನೋಡಿ, ಹೇಗೆ ಹಾಕಿದರೂ ಎರಡು ವರ್ಷ ದಾಟುತ್ತದೆ. ಅದೂ ನೀವು ಬಿಲ್ ಕಟ್ಟುವವರಾದರೆ!

ಏಕೆಂದರೆ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಇದೆ. ಇದನ್ನು ಅಂಗಡಿಯವರೂ ಹೇಳುವುದಿಲ್ಲ, ಯೂಟ್ಯೂಬ್‌ನಲ್ಲಿ ಹಿಂದಿಯಲ್ಲಿ ಫ್ಯಾನ್ ಬಗ್ಗೆ ಹೇಳುವವರಿಗಂತೂ ಗೊತ್ತೇ ಇಲ್ಲ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಹತ್ತು ಪರ್ಸೆಂಟ್ ಸೇರಿಸಿ ನಿಮ್ಮ ಮಿತಿ ಅಂತ ಇಟ್ಟಿದ್ದಾರೆ. ಅದರೊಳಗಿದ್ದರೆ ಬಿಲ್ ಸೊನ್ನೆ. ಮಿತಿ 110 ಯೂನಿಟ್ ಇದ್ದು ನೀವು ಬಳಸುವುದೇ 90 ಆದರೆ, ಈ ಫ್ಯಾನ್ ಹಾಕಿ 75ಕ್ಕೆ ಇಳಿಸಿದರೂ ಸೊನ್ನೆ ಸೊನ್ನೆಯೇ. ಕರೆಂಟ್ ಉಳಿಯುತ್ತದೆ, ಒಳ್ಳೆಯದೇ, ಆದರೆ ನಿಮ್ಮ ಜೇಬಿಗೆ ಒಂದು ಪೈಸೆಯೂ ಬರುವುದಿಲ್ಲ. ಸುಮ್ನೆ 3000 ಹೋಯಿತು.

ಇನ್ನೊಂದು ತುದಿಯೂ ಇದೆ. ಮಿತಿ ದಾಟಿ 200ರೊಳಗೆ ಇದ್ದರೆ ಜಾಸ್ತಿ ಬಳಸಿದ ಯೂನಿಟ್‌ಗೆ ಮಾತ್ರ ಕಟ್ಟುತ್ತೀರಿ. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. 198 ಯೂನಿಟ್ ಬಳಸಿದ ತಿಂಗಳು ಮಿತಿಯ ಮೇಲಿನ ಯೂನಿಟ್‌ಗಷ್ಟೇ ಕಟ್ಟಿದವರು 205 ಬಂದ ತಿಂಗಳು ನಿಗದಿ ಶುಲ್ಕ ಸೇರಿ ಹದಿನೈದು ನೂರಕ್ಕಿಂತ ಜಾಸ್ತಿ ಕಟ್ಟಬೇಕಾಗುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಮನೆ ನಿಲ್ಲುವುದು ಸರಿಯಾಗಿ ಇದೇ ಗಡಿಯಲ್ಲಿ. ಎರಡು ಫ್ಯಾನ್ ಬದಲಾಯಿಸಿದ್ದಕ್ಕೆ ಸುಮಾರು 30 ಯೂನಿಟ್ ಇಳಿಯಿತು, ಬೇಸಿಗೆಯಲ್ಲೂ 200ರ ಒಳಗೇ ಉಳಿದೆವು. ನಮಗೆ ಇದು ಹೊಂದಿದ್ದು ಈ ಒಂದೇ ಕಾರಣಕ್ಕೆ.

ಅದಕ್ಕೇ ಹೇಳುವುದು, ಹಳೆ ಬಿಲ್‌ಗಳನ್ನು ತೆಗೆದು, ಬೇಸಿಗೆ ತಿಂಗಳುಗಳದ್ದನ್ನು ನೋಡಿ. 180ರಿಂದ 230ರ ನಡುವೆ ಇದ್ದರೆ ಧೈರ್ಯವಾಗಿ ತಗೊಳ್ಳಿ.

ಊರೂ ಮುಖ್ಯ. ರಾಯಚೂರು, ಕಲಬುರಗಿ ಕಡೆ ಫ್ಯಾನ್ ಐದರಲ್ಲಿ ಹಗಲು ರಾತ್ರಿ ತಿರುಗುತ್ತದೆ, ಅಲ್ಲಿ ಲಾಭ ಜಾಸ್ತಿ. ತೀರ್ಥಹಳ್ಳಿಯಲ್ಲೋ ಮಡಿಕೇರಿಯಲ್ಲೋ ವರ್ಷದಲ್ಲಿ ಮೂರು ತಿಂಗಳು ಹಾಕುವ ಫ್ಯಾನ್‌ಗೆ ಇಷ್ಟು ದುಡ್ಡು ಬೇಡ. ಹಾಗೇ ನಮ್ಮ ಮನೆಯಲ್ಲೂ ನೆಂಟರು ಬಂದಾಗ ಮಾತ್ರ ತೆರೆಯುವ ಕೋಣೆಯಲ್ಲಿ ಹಳೆ ಫ್ಯಾನೇ ಇದೆ, ಇರುತ್ತದೆ.

ದುಡ್ಡಿನ ಮಾತು ಬಿಟ್ಟರೆ ಈ ಫ್ಯಾನ್ ನಿಜಕ್ಕೂ ಇಷ್ಟವಾಗುವುದು ಕರೆಂಟ್ ಹೋದಾಗ. ನಮ್ಮದು ಹಳೆ ಇನ್ವರ್ಟರ್, ಅದರಲ್ಲಿ ಮಾಮೂಲಿ ಫ್ಯಾನ್ ಗುಂಯ್ ಅಂತ ಒಂದೇ ಸಮನೆ ಸದ್ದು ಮಾಡುತ್ತಿತ್ತು, ಮಗು ಎದ್ದುಬಿಡುತ್ತಿತ್ತು. ಇದರಲ್ಲಿ ಆ ಸದ್ದಿಲ್ಲ, ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ. ಸಂಜೆ ವೋಲ್ಟೇಜ್ ಇಳಿದು ಹಳೆ ಫ್ಯಾನ್ ತೂಕಡಿಸುವಾಗಲೂ ಇದು ಅದೇ ವೇಗದಲ್ಲಿ ತಿರುಗುತ್ತಿರುತ್ತದೆ.

ತಲೆನೋವು ಅಂದರೆ ರಿಮೋಟ್. ಗೋಡೆಯ ಹಳೆ ರೆಗ್ಯುಲೇಟರ್ ಇದಕ್ಕೆ ಕೆಲಸ ಮಾಡುವುದಿಲ್ಲ, ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ಬಿಚ್ಚಿಸಿ ನೇರ ಲೈನ್ ಕೊಡಿಸಬೇಕು. ಅಮ್ಮನಿಗೆ ರಿಮೋಟ್ ಬೇಡವೇ ಬೇಡ, ಸ್ವಿಚ್ ಒತ್ತಿದರೆ ನಿಲ್ಲಬೇಕು, ಅಷ್ಟೇ. ಅದು ನಡೆಯುತ್ತದೆ, ಮತ್ತೆ ಹಾಕಿದರೆ ಹಿಂದಿನ ವೇಗದಲ್ಲೇ ಶುರುವಾಗುತ್ತದೆ, ಆದರೆ ರಾತ್ರಿ ವೇಗ ಕಡಿಮೆ ಮಾಡಬೇಕಾದರೆ ಕತ್ತಲಲ್ಲಿ ದಿಂಬಿನ ಕೆಳಗೆ, ಹಾಸಿಗೆ ಸಂದಿಯಲ್ಲಿ ಹುಡುಕಾಟ. ಕೊನೆಗೆ ಸ್ವಿಚ್ ಬೋರ್ಡ್ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದೇವೆ. ಒಂದೇ ಹಾಲ್‌ನಲ್ಲಿ ಒಂದೇ ಕಂಪನಿಯ ಎರಡು ಫ್ಯಾನ್ ಹಾಕುವವರು ಇನ್ನೊಂದು ವಿಷಯ ಕೇಳಿಕೊಳ್ಳಿ, ಒಂದೇ ರಿಮೋಟ್‌ಗೆ ಎರಡೂ ತಿರುಗುವ ಮಾಡೆಲ್‌ಗಳಿವೆ.

ದೊಡ್ಡ ದೂರು ಬೇರೆ ಇದೆ. ಮಲಗುವ ಕೋಣೆಯ ಫ್ಯಾನ್ ಒಂದು ದಿನ ಇದ್ದಕ್ಕಿದ್ದಂತೆ ನಿಂತಿತು. ಒಳಗಿನ ಬೋರ್ಡ್ ಹೋಗಿತ್ತು. ಮಾಮೂಲಿ ಫ್ಯಾನ್‌ನಲ್ಲಿ ಜಾಸ್ತಿ ಕೆಡುವುದು ಕೆಪಾಸಿಟರ್, ಯಾವ ಎಲೆಕ್ಟ್ರಿಕ್ ಅಂಗಡಿಗೆ ಹೋದರೂ ನೂರು ರೂಪಾಯಿ ಒಳಗೆ ಸಿಗುತ್ತದೆ, ಬೀದಿ ಕೊನೆಯ ಹುಡುಗ ಬಂದು ಹಾಕಿಕೊಡುತ್ತಾನೆ. ಇದರ ಬೋರ್ಡ್ ಕಂಪನಿಯಿಂದಲೇ ಬರಬೇಕು. ವಾರಂಟಿ ಇತ್ತು, ದುಡ್ಡು ತಗೊಳ್ಳಲಿಲ್ಲ, ಆದರೆ ಫೋನ್ ಮಾಡಿ ಮಾಡಿ ಸಾಕಾಯಿತು, ಅದೂ ಸೆಕೆಗಾಲದಲ್ಲಿ. ದುಡ್ಡು ವಾಪಸ್ ಬರುವುದಕ್ಕೇ ಎರಡು ವರ್ಷ ಬೇಕಾದ ಫ್ಯಾನ್‌ಗೆ ಎರಡೇ ವರ್ಷ ವಾರಂಟಿ ಅಂದರೆ ತಗೊಳ್ಳಬೇಡಿ. ಐದು ವರ್ಷ ಕೊಡುವವರೂ ಇದ್ದಾರೆ, ಇನ್ನೂರು ಮುನ್ನೂರು ಜಾಸ್ತಿಯಾದರೂ ಅದೇ ಇರಲಿ. ಬೋರ್ಡ್ ಕೂಡ ವಾರಂಟಿಯಲ್ಲಿ ಸೇರುತ್ತದಾ ಅಂತ ಕೇಳಿ, ಬಿಲ್ ಜೋಪಾನವಾಗಿಡಿ.

ಅಂಗಡಿಯಲ್ಲಿ ಲೇಬಲ್ ನೋಡುವಾಗ ಬರೀ ಸ್ಟಾರ್ ಎಣಿಸಬೇಡಿ. ಸ್ಟಾರ್ ಕೊಡುವುದೇ ಒಂದು ವ್ಯಾಟ್‌ಗೆ ಎಷ್ಟು ಗಾಳಿ ಅನ್ನುವುದರ ಮೇಲೆ. ಹಾಗಾಗಿ ಐದು ಸ್ಟಾರ್ ಇದ್ದೂ ಗಾಳಿ ಕಡಿಮೆ ಇರಬಹುದು. ಗಾಳಿಯ ಪ್ರಮಾಣ ಅಂತ ಬೇರೆಯಾಗಿ ಬರೆದಿರುತ್ತಾರೆ, ನಿಮಿಷಕ್ಕೆ ಎಷ್ಟು ಘನ ಮೀಟರ್ ಅಂತ. ದೊಡ್ಡ ಹಾಲ್‌ಗೆ 230ರ ಹತ್ತಿರ ಇರುವುದನ್ನು ಹುಡುಕಿ, 210 ಇದ್ದರೆ ಸಣ್ಣ ಕೋಣೆಗೆ ಸಾಕು.

ಬಾಡಿಗೆ ಮನೆಯಲ್ಲಿರುವವರು ಓನರ್‌ನ ಹಳೆ ಫ್ಯಾನನ್ನು ಗುಜರಿಗೆ ಹಾಕಬೇಡಿ. ರೆಗ್ಯುಲೇಟರ್ ಸಮೇತ ಅಟ್ಟದ ಮೇಲಿಡಿ. ಮನೆ ಬಿಡುವಾಗ ನಿಮ್ಮದನ್ನು ಇಳಿಸಿ ಅದನ್ನೇ ಏರಿಸಿ ಕೊಡಬೇಕು, ಎಲೆಕ್ಟ್ರಿಷಿಯನ್‌ಗೆ ಮತ್ತೊಮ್ಮೆ ಕೂಲಿ, ಹೊಸ ಮನೆಯಲ್ಲಿ ಹಾಕಿಸುವಾಗ ಇನ್ನೊಮ್ಮೆ. ಆ ದುಡ್ಡನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.