ಎಂಡಿ ಕುರ್ಚಿಯೋ, ಬರೀ ಡೈರೆಕ್ಟರ್ ಸ್ಥಾನವೋ?

ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಕಂಪನಿಯೊಂದು ಇವೆರಡನ್ನೂ ಮುಂದಿಟ್ಟರೆ, ಸಂಬಳ ಕೇಳುವ ಮೊದಲು 1974ರ ಜಲ (ಮಾಲಿನ್ಯ ತಡೆ) ಕಾಯ್ದೆಯ 47ನೇ ಸೆಕ್ಷನ್ ಓದಿ.

ಎಂಡಿಯಾದರೆ, ಕಂಪನಿಯ ತಪ್ಪಿಗೆ ನೀವೂ ತಪ್ಪಿತಸ್ಥರೆಂದೇ ಕಾನೂನು ಹಿಡಿಯುತ್ತದೆ. ನನಗೆ ಗೊತ್ತಿರಲಿಲ್ಲ, ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ಸಾಬೀತು ಮಾಡುವ ಹೊಣೆ ನಿಮ್ಮದೇ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇಲ್ಲದೆ ಹೊಲಸು ನೀರು ಬಿಟ್ಟರೆ ಒಂದೂವರೆಯಿಂದ 6 ವರ್ಷ ಜೈಲು. ಆಗ ಕೈಹಿಡಿಯುವುದು ಇಟಿಪಿಯ (ಹೊಲಸು ನೀರು ಶುದ್ಧ ಮಾಡುವ ಘಟಕ) ಲಾಗ್‌ಬುಕ್, ಅದರ ಕರೆಂಟ್ ಮೀಟರಿನ ರೀಡಿಂಗ್. ಪಂಪು ಓಡಿದ್ದರೆ ಯೂನಿಟ್ ಏರಿರಲೇಬೇಕಲ್ಲ!

ದಿನದ ವ್ಯವಹಾರಕ್ಕೆ ಕೈಹಾಕದ ಡೈರೆಕ್ಟರ್ ಆದರೆ, ನಿಮ್ಮ ಒಪ್ಪಿಗೆ, ಶಾಮೀಲು ಇಲ್ಲವೇ ನಿರ್ಲಕ್ಷ್ಯವನ್ನು ಪ್ರಾಸಿಕ್ಯೂಷನ್ನೇ ತೋರಿಸಬೇಕು. ಹಾಗಂತ ಮೀಟಿಂಗಿನ ನಡಾವಳಿಗೆ ಕಣ್ಣುಮುಚ್ಚಿ ಸಹಿ ಹಾಕಬೇಡಿ.

ಇಟಿಪಿ ಖರ್ಚು ಮಂಜೂರು ಮಾಡುವ ಅಧಿಕಾರ ಕೊಟ್ಟರಷ್ಟೇ ನಾನಾದರೆ ಎಂಡಿ ಕುರ್ಚಿ ಒಪ್ಪುವೆ.