ಫಿಟ್ನೆಸ್ ಬ್ಯಾಂಡ್ ವಿಮರ್ಶೆ: ಹೆಜ್ಜೆ ಎಣಿಸಲಿ, ಊಟಕ್ಕೆ ಕೈ ಹಾಕುವುದು ಬೇಡ

ಎರಡರಿಂದ ನಾಲ್ಕು ಸಾವಿರ ರೂಪಾಯಿಯ ಫಿಟ್ನೆಸ್ ಬ್ಯಾಂಡ್ ಕೊಳ್ಳಬಹುದು. ಆದರೆ ಅದರ ಜೊತೆಗೇ ಬರುವ ನಿಯಮಗಳನ್ನು ಕಟ್ಟಿಕೊಂಡ ದಿನವೇ ತೆಗೆದುಹಾಕಬೇಕು.

ಮೊದಲು 10,000 ಹೆಜ್ಜೆಯ ಗುರಿ. ಇದು ವೈದ್ಯರು ಕೊಟ್ಟ ಲೆಕ್ಕವಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಮಾರಿದ ಹೆಜ್ಜೆಮಾಪಕದ ಹೆಸರೇ 'ಮಾನ್‌ಪೋಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಅಮೆರಿಕದಲ್ಲಿ ಸರಾಸರಿ 72 ವರ್ಷದ ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. ಸುಮಾರು 7,500 ದಾಟಿದ ಮೇಲೆ ಲಾಭ ಹೆಚ್ಚಲಿಲ್ಲ. ರಾತ್ರಿ 11 ಗಂಟೆಗೆ ಉಳಿದ 800 ಹೆಜ್ಜೆಗಾಗಿ ಮನೆಯ ಹಾಲ್‌ನಲ್ಲಿ ಸುತ್ತುವವರು ಕಳೆದುಕೊಳ್ಳುವುದು ನಿದ್ದೆ.

ಹೆಜ್ಜೆಯ ಎಣಿಕೆಯೂ ಅಂದಾಜೇ. ಒಳಗಿನ ಸೆನ್ಸರ್ ನೋಡುವುದು ಕೈಯ ಅಲುಗಾಟವನ್ನು. ತರಕಾರಿ ಚೀಲ ಹಿಡಿದು ನಡೆದರೆ, ಸೂಪರ್ ಮಾರ್ಕೆಟ್ಟಿನ ಟ್ರಾಲಿ ತಳ್ಳಿದರೆ ಕೈ ಬೀಸುವುದಿಲ್ಲ, ಲೆಕ್ಕ ತಗ್ಗುತ್ತದೆ. ಗುಂಡಿಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೆ ಏರಬಹುದು. ಕೊಡಪಾನ ಹೊತ್ತದ್ದು, ಮುದ್ದೆ ತೊಳಸಿದ್ದು, ಸೂರ್ಯನಮಸ್ಕಾರ ಮಾಡಿದ್ದು ಅದಕ್ಕೆ ಸರಿಯಾಗಿ ತಿಳಿಯದು.

ಎಲ್ಲಕ್ಕಿಂತ ಕೆಟ್ಟದ್ದು ಕ್ಯಾಲೊರಿ ಸಂಖ್ಯೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಆರರಲ್ಲಿ ಹೃದಯಬಡಿತದ ತಪ್ಪು ಶೇ. 5ರ ಒಳಗಿತ್ತು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮ ಸಾಧನವೇ ಶೇ. 27ರಷ್ಟು, ಕಳಪೆಯದು ಶೇ. 93ರಷ್ಟು ತಪ್ಪಿತ್ತು. ಇಂಥ ಸಂಖ್ಯೆ ನಂಬಿ 'ಇವತ್ತು ಕರಗಿದ್ದು ಕಡಿಮೆ, ರಾತ್ರಿ ಊಟ ಬೇಡ' ಎಂದು ತೀರ್ಮಾನಿಸುವುದು ದೇಹಕ್ಕೆ ಮಾಡುವ ಅನ್ಯಾಯ. ಹಸಿವು ಅದುಮಿಟ್ಟವರು ಮರುದಿನ ಸಂಜೆ ಕೈಗೆ ಸಿಕ್ಕ ಚಕ್ಕುಲಿ, ಬಿಸ್ಕತ್ತು ಮುಗಿಸುವುದು ಸಾಮಾನ್ಯ. ಅದು ಮನೋಬಲದ ಕೊರತೆಯಲ್ಲ, ಹಸಿವು.

ಹಾಗಾಗಿ ಆ್ಯಪ್‌ನ ಮುಖಪುಟದಿಂದ ಕ್ಯಾಲೊರಿ ಚೌಕ ತೆಗೆಯಿರಿ, ಬ್ಯಾಂಡಿನ ಪರದೆಗೂ ಕ್ಯಾಲೊರಿ ತೋರಿಸದ ವಿನ್ಯಾಸ (ವಾಚ್‌ಫೇಸ್) ಹಾಕಿ. ಗುರಿಯ ಅಭಿನಂದನೆ, 'ಸತತ ಇಷ್ಟು ದಿನ' ಎಂಬ ಸೂಚನೆ ಆಫ್ ಮಾಡಿ. 'ಎದ್ದು ನಡೆಯಿರಿ' ಎಂಬ ಎಚ್ಚರಿಕೆ ಮಾತ್ರ ಕುಳಿತು ಕೆಲಸ ಮಾಡುವವರಿಗೆ ಇರಲಿ. ಮೊದಲ ಎರಡು ವಾರ ಗುರಿಯನ್ನು ನೋಡದೆ ಎಂದಿನಂತೆ ಓಡಾಡಿ ಸರಾಸರಿ ತಿಳಿಯಿರಿ. ಅದು 3,500 ಇದ್ದರೆ 4,000–4,500ಕ್ಕೆ ಹೊಂದಿಸಿ. ದಿನದ ಲೆಕ್ಕ ಬಿಟ್ಟು ವಾರದ ಸರಾಸರಿ ನೋಡಿ: ಮದುವೆ ಮನೆಯ ದಿನ, ಮುಟ್ಟಿನ ದಿನ, ಜ್ವರದ ದಿನ ಅದರಲ್ಲೇ ಅಡಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯೂ 2020ರಲ್ಲಿ ಒಮ್ಮೆಗೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ವ್ಯಾಯಾಮ ಲೆಕ್ಕಕ್ಕೆ ಎಂಬ ಷರತ್ತನ್ನು ಬಿಟ್ಟು, ವಾರಕ್ಕೆ 150–300 ನಿಮಿಷ ಮಧ್ಯಮ ಶ್ರಮ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎಂದಿತು. ಮಧ್ಯಮ ಶ್ರಮ ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದಕ್ಕೆ ಬ್ಯಾಂಡ್ ಬೇಕಿಲ್ಲ.

ಇಷ್ಟೆಲ್ಲ ಆಫ್ ಮಾಡಿದ ಮೇಲೆ ಏನು ಉಳಿಯಿತು ಎಂದರೆ, ವಿಶ್ರಾಂತಿಯಲ್ಲಿನ ಹೃದಯಬಡಿತ. ಹಣ ಕೊಡಬಹುದಾದದ್ದು ಇದಕ್ಕೇ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಬ್ಯಾಂಡ್ ಬಡಿತ ಎಣಿಸುವುದು ಚರ್ಮದ ಮೇಲೆ ಬೆಳಕು ಬೀರಿ; ಸಡಿಲವಾದರೆ ಹೊರಗಿನ ಬೆಳಕು ನುಗ್ಗಿ ಲೆಕ್ಕ ಕೆಡುತ್ತದೆ. ಕೆಲವು ದಿನ ವಿಶ್ರಾಂತಿಯ ಬಡಿತ ವಾಡಿಕೆಗಿಂತ ಏರಿಯೇ ಇದ್ದರೆ ನಿದ್ದೆಗೇಡು, ಜ್ವರ ಅಥವಾ ಅತಿಯಾದ ಕಸರತ್ತು ಕಾರಣವಿರಬಹುದು. ಅಂದು ಜಿಮ್ ಬಿಡಿ, ಹೊಟ್ಟೆ ತುಂಬ ಉಂಡು ಮಲಗಿ.

ಊಟ ಬಿಡುವ, ತಿಂದದ್ದಕ್ಕೆ ಶಿಕ್ಷೆಯಂತೆ ಓಡುವ ಅಭ್ಯಾಸ ಈಗಾಗಲೇ ಇರುವವರು ಈ ಬ್ಯಾಂಡ್ ಕೊಳ್ಳಲೇಬೇಡಿ. ಆ ದುಡ್ಡಿನಲ್ಲಿ ಆಹಾರತಜ್ಞರನ್ನೋ ಮನೋವೈದ್ಯರನ್ನೋ ಕಾಣಿ.